ಮುಟ್ಟದೆ ಬಿಟ್ಟ ಕಟ್ಟು

ಆಫೀಸಿನಲ್ಲಿ ನಾನು ಎಮ್ಮಾ, ಮನೆಯಲ್ಲಿ ಊರ್ಮಿಳಾ. ಸಿಡ್ನಿಯವರ ಕಾರಿನ ವಿಮೆಗೆ ಫಿಜಿಯ ಸುವಾದಲ್ಲಿ ಕೂತು ಫೋನ್ ಎತ್ತುವವರಿಗೆ ಅವರ ಬಾಯಿಗೆ ಹೊಂದುವ ಹೆಸರೇ ಬೇಕಂತೆ. ಹೆಸರು ತಾನೇ, ಹಾಳಾಗಿ ಹೋಗಲಿ ಅಂತ ಸುಮ್ಮನಿದ್ದೆವು. ಆದರೆ ಮೆರೆಓನಿಯ ಅಪ್ಪನ ವಿಷಯಕ್ಕೆ ಕೈ ಹಾಕಿದರಲ್ಲ, ಆಗ ನನ್ನ ತಲೆ ಕೆಟ್ಟಿತು.

ಮೆರೆಓನಿ ನನ್ನ ಪಕ್ಕದ ಸೀಟಿನವಳು. ಅವಳ ದೊಡ್ಡಪ್ಪ ತೀರಿಕೊಂಡಾಗ "ಅಪ್ಪ ಹೋದ" ಅಂತ ಹೇಳಿ ರಜೆ ಹಾಕಿ ಊರಿಗೆ ಓಡಿದಳು. ಅವರು ಫಿಜಿಯ ಮೂಲ ಜನ, ಅವರಲ್ಲಿ ಅಪ್ಪನ ಅಣ್ಣನೂ ಅಪ್ಪನೇ. ಸಾಕಿ ಬೆಳೆಸಿದವನೂ ಅವನೇ. ಎಚ್‌ಆರ್‌ನವರು ಕಂಪ್ಯೂಟರ್ ನೋಡಿದರೆ, ಇವಳನ್ನು ಹುಟ್ಟಿಸಿದ ಅಪ್ಪ ಎಂದೋ ತೀರಿಕೊಂಡಿದ್ದ. "ಒಬ್ಬ ಅಪ್ಪ ಎರಡು ಸಲ ಸಾಯ್ತಾನಾ?" ಅಂತ ನಕ್ಕರು. ಸುಳ್ಳು ಹೇಳಿದ್ದಾಳೆ ಅಂತ ಬರೆದು ಕೆಲಸದಿಂದ ತೆಗೆದರು. ಆ ಮಾತು ಅಂಟಿಸಿಕೊಂಡವಳನ್ನು ಸುವಾದ ಇನ್ನೊಂದು ಆಫೀಸು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಅಷ್ಟರಲ್ಲಿ ಸಿಡ್ನಿಯಿಂದ ದೊಡ್ಡ ಬಾಸ್ ಗ್ರಾಂಟ್ ಬರುತ್ತಾನೆಂದು ಸುದ್ದಿ ಬಂತು. ನಮ್ಮ ಮ್ಯಾನೇಜರ್ ರೋಹಿತೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ತಮ್ಮನ ಜೊತೆ ಓದಿದ ಹುಡುಗ ಅವನು. ಊಟದ ಕೋಣೆಯಲ್ಲಿ ಚಾಪೆ ಹಾಸಿಸಿದ, ಮರದ ಬೋಗುಣಿ ತರಿಸಿದ. ಊರ ಪದ್ಧತಿಯಂತೆ ಸ್ವಾಗತ, ಸಿಡ್ನಿಯವರು ನೋಡಲಿಕ್ಕೆ ನೇರ ವಿಡಿಯೊ! ಬಂದ ಅತಿಥಿ, ಅರೆದು ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟನ್ನು ಮುಂದಿಡಬೇಕು. ಮನೆಯವರ ಪರವಾಗಿ ಒಬ್ಬ ಅದನ್ನು ಮುಟ್ಟಿ ಒಪ್ಪಿಸಿಕೊಳ್ಳಬೇಕು. ಅಲ್ಲಿಯವರೆಗೆ ಚಾಪೆ ಬಿಟ್ಟು ಯಾರೂ ಏಳುವ ಹಾಗಿಲ್ಲ. ಒಪ್ಪಿಸಿಕೊಳ್ಳುವ ಕೆಲಸ ವಿಲಿಕೇಸನದು. ಊರಲ್ಲಿ ಅವನ ಮನೆತನದ್ದೇ ಆ ಕೆಲಸ. ನಮಗೆ ಅವನು ವಿಲಿ, ಆಫೀಸಿನ ಲೆಕ್ಕದಲ್ಲಿ ಮಾತ್ರ ವಿನ್ಸ್.

ಗ್ರಾಂಟ್ ಹೂವಿನ ಅಂಗಿ ಹಾಕಿಕೊಂಡು ಬಂದ. ಉಸ್ಸಪ್ಪಾ ಅಂತ ಚಕ್ಕಳಮಕ್ಕಳ ಹಾಕಿ ಕೂತ.

"ನಾವು ಕಂಪನಿ ಅಲ್ಲ, ಒಂದೇ ಕುಟುಂಬ," ಅಂದ. "ನನ್ನನ್ನ ಬಾಸ್ ಅಂದ್ಕೋಬೇಡಿ, ಅಪ್ಪ ಅಂದ್ಕೊಳ್ಳಿ."

ಆಮೇಲೆ ಕಟ್ಟನ್ನು ಮುಂದಕ್ಕೆ ತಳ್ಳಿದ. ಅವನು ತರಬೇಕಾದ ಆ ಕಟ್ಟನ್ನೂ ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದುಕೊಟ್ಟವನು ರೋಹಿತೇಶನೇ. ನಾವೆಲ್ಲ ವಿಲಿಯ ಕೈ ನೋಡುತ್ತಿದ್ದೆವು. ಕೈ ಮೊಣಕಾಲ ಮೇಲೆಯೇ ಇತ್ತು.

"ವಿನ್ಸ್, ತಗೊಳ್ಳಪ್ಪಾ," ರೋಹಿತೇಶ ಹಲ್ಲು ಕಚ್ಚಿ ಪಿಸುಗುಟ್ಟಿದ.

ವಿಲಿ ಗ್ರಾಂಟನನ್ನೇ ನೋಡಿದ. "ಬಾಸ್, ನಮ್ಮಲ್ಲಿ ಮೆರೆಓನಿ ಅಂತ ಒಬ್ಬಳಿದ್ದಳು. ತನಗೆ ಇನ್ನೊಬ್ಬ ಅಪ್ಪ ಇದ್ದ ಅಂದಿದ್ದಕ್ಕೆ ಅವಳ ಕೆಲಸ ಹೋಯ್ತು. ಈಗ ನಿಮ್ಮನ್ನೂ ಅಪ್ಪ ಅಂದ್ರೆ ನಮ್ಮ ಕೆಲಸಾನೂ ಹೋಗಲ್ವಾ?"

ಹಿಂದೆ ಯಾರೋ ಕಿಸಕ್ಕೆಂದರು. ನಾನಂತೂ ಬಾಯಿಬಿಟ್ಟೇ ನಕ್ಕೆ.

"ಇದು ಆ ಮಾತಿಗೆ ಜಾಗ ಅಲ್ಲ!" ಅಂದ ರೋಹಿತೇಶ.

"ಇದೇ ಜಾಗ. ಮನಸ್ಸಲ್ಲಿ ಕಹಿ ಇಟ್ಕೊಂಡು ನಾನು ಕಟ್ಟು ಮುಟ್ಟಲ್ಲ. ಮೆರೆಓನಿ ವಾಪಸ್ ಬರಲಿ, ಮುಟ್ತೀನಿ."

ಸ್ವಾಗತಕ್ಕೆಂದು ಕೊಟ್ಟಿದ್ದ ಬಿಡುವು ಮುಗಿಯಿತು. ಮೇಲಿನ ಮಹಡಿಯಲ್ಲಿ ಒಂದು ಫೋನ್ ಕೂಗಿತು, ಹಿಂದೆಯೇ ಎಲ್ಲವೂ ಶುರುವಾದವು. ರೋಹಿತೇಶ ನನ್ನತ್ತ ಬಗ್ಗಿದ. "ಎಮ್ಮಾ, ನೀವಾದ್ರೂ ಏಳಿ! ಫೋನ್ ಬಡ್ಕೋತಿದೆ."

ನನಗೆ ರೇಗಿಹೋಯಿತು. "ಎಮ್ಮಾ ರಜೆ ಮೇಲೆ ಹೋಗಿದ್ದಾಳೆ ಕಣೋ. ಊರ್ಮಿಳಾ ಇಲ್ಲೇ ಕೂತಿರ್ತಾಳೆ. ಮಧ್ಯದಲ್ಲಿ ಏಳ್ಬಾರ್ದು ಅಂತ ನಮಗೆಲ್ಲ ಹೇಳಿದ್ದು ನೀನೇ ಅಲ್ವಾ?"

ಅಂದೇಬಿಟ್ಟೆ. ನನ್ನ ಅನ್ನಕ್ಕೂ ಇವತ್ತೇ ಕಲ್ಲು ಬಿತ್ತು ಅಂದುಕೊಂಡೆ. ಬೀಳಲಿ. ಒಬ್ಬರೂ ಏಳಲಿಲ್ಲ.

ಗ್ರಾಂಟನಿಗೆ ಕಾಲು ಜೋಮು ಹಿಡಿದಿತ್ತು. ಎದುರಿನ ಪರದೆಯಲ್ಲಿ ಸಿಡ್ನಿಯವರ ಮುಖಗಳು ಕಣ್ಣು ಪಿಳುಕಿಸದೆ ನೋಡುತ್ತಿದ್ದವು. ಕೊನೆಗೆ, "ಆ ಹುಡುಗೀಗೆ ಫೋನ್ ಮಾಡಿ," ಅಂದ. ರೋಹಿತೇಶ ಸ್ಪೀಕರ್ ಹಾಕಿ ಹಿಡಿದ.

"ಮೆರೆಓನಿ, ನಮ್ಮಿಂದ ತಪ್ಪಾಗಿದೆ. ಕೆಲಸಕ್ಕೆ ಬಾ," ಅಂದ ಗ್ರಾಂಟ್.

"ಸುಳ್ಳುಗಾತಿ ಅಂತ ಬರೆದಿದ್ದೀರಲ್ಲ?"

"ಅದನ್ನ ತೆಗೆಸ್ತೀನಿ."

"ಹಾಗಿದ್ರೆ ಬರ್ತೀನಿ. ಆದ್ರೆ ಬರೋ ತಿಂಗಳು ಸತ್ತವರ ನೂರನೇ ರಾತ್ರಿ ಕಾರ್ಯ ಇದೆ. ಊರಿಗೆ ಹೋಗ್ಬೇಕು, ರಜೆ ಬೇಕು."

"ಯಾರ ಕಾರ್ಯ?" ಗ್ರಾಂಟ್ ಕೇಳಿಯೇಬಿಟ್ಟ.

ಅಯ್ಯೋ ದೇವರೇ, ಅಂದುಕೊಂಡೆ.

"ನೀವೇ ಹೇಳಿ, ಬಾಸ್," ಅಂದಳು ಮೆರೆಓನಿ.

ಗ್ರಾಂಟ್ ಪರದೆ ನೋಡಿದ, ಚಾಪೆಯ ಮೇಲೆ ಬಿದ್ದಿದ್ದ ಕಟ್ಟು ನೋಡಿದ, ವಿಲಿಯ ಕೈ ನೋಡಿದ. ಮೇಲೆ ಫೋನುಗಳು ಕೂಗುತ್ತಲೇ ಇದ್ದವು.

"ನಿಮ್ಮ ಅಪ್ಪಂದು," ಅಂದ.

ವಿಲಿಕೇಸ ಬೊಗಸೆಗೈ ತಟ್ಟಿ, ಮುಂದೆ ಬಾಗಿ ಕಟ್ಟನ್ನು ಮುಟ್ಟಿದ.