ಸಾಲಿಗೆ ಕೂರದ ಬೆಲ್ಲ

ಯುದ್ಧ ಶುರುವಾದ ಮೇಲೆ ನಮ್ಮ ಹನಕೆರೆ ಶಾಲೆಯಲ್ಲಿ ಸೀಮೆಸುಣ್ಣಕ್ಕೂ ತತ್ವಾರ. ಇದ್ದೊಂದು ತುಂಡನ್ನೂ ಸವೆಸಿ, "ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವುದೇ ಅವಿಭಾಜ್ಯ ಸಂಖ್ಯೆ" ಎಂದು ಬರೆದು ಗಂಟಲು ಹರಿದುಕೊಂಡೆ. ಹಿಂದಿನ ಸಾಲಿನ ಹುಚ್ಚೀರಯ್ಯ ಆರಾಮಾಗಿ ತೂಕಡಿಸುತ್ತಿದ್ದ. ನನಗೆ ರೇಗಿಹೋಯಿತು.

ಮರುದಿನ, ನನ್ನ ವಿದ್ಯಾರ್ಥಿನಿ ಮಹದೇವಮ್ಮನ ಅಪ್ಪನ ಆಲೆಮನೆಯಿಂದ ಒಂದು ಕುಕ್ಕೆ ಅಚ್ಚುಬೆಲ್ಲ ತಂದು ಚಾಪೆಯ ಮೇಲೆ ಸುರಿದೆ.

"ಹನ್ನೆರಡು ಅಚ್ಚನ್ನು ಸಮನಾದ ಸಾಲುಗಳಲ್ಲಿ ಜೋಡಿಸಿ. ಒಂದೇ ಉದ್ದ ಸಾಲು ಮಾತ್ರ ಬೇಡ" ಎಂದೆ. ಎರಡು ಸಾಲು, ಮೂರು ಸಾಲು, ನಾಲ್ಕು ಸಾಲು, ಎಲ್ಲವೂ ಚೆನ್ನಾಗಿ ಕೂತವು. ಆಮೇಲೆ ಹದಿಮೂರು ಕೊಟ್ಟೆ. ಎರಡು ಸಾಲು ಮಾಡಿದರೂ ಒಂದು ಮಿಕ್ಕಿತು, ಮೂರು ಮಾಡಿದರೂ ಮಿಕ್ಕಿತು, ನಾಲ್ಕು ಮಾಡಿದರೂ ಮಿಕ್ಕಿತು.

ಮಿಕ್ಕ ಅಚ್ಚನ್ನು ಮಹದೇವಮ್ಮ ಮುರಿದು ಎಲ್ಲರಿಗೂ ಹಂಚಿಬಿಟ್ಟಳು!

"ಯಾರನ್ನ ಕೇಳಿ ಮುರಿದೆ?" ಎಂದು ಗದರಿದೆ.

"ನಮ್ಮ ಆಲೆಮನೇಲಿ ಸಾಲಿಗೆ ಕೂರದ್ದು ಬಂದೋರಿಗೆ ಸಾ. ನಮ್ಮಪ್ಪ ಯಾರ್ನೂ ಬರಿಗೈಲಿ ಕಳ್ಸಾಕಿಲ್ಲ" ಎಂದಳು.

ನಾನು ಅಚ್ಚುಗಳನ್ನು ಮತ್ತೆ ಗುಡ್ಡೆ ಮಾಡಿ, "ಈಗ ಇಪ್ಪತ್ತೊಂದು ಇಡ್ತೀನಿ" ಎಂದೆ.

ಹಿಂದಿನ ದಿನ ತೂಕಡಿಸುತ್ತಿದ್ದ ಹುಚ್ಚೀರಯ್ಯ ತುಟಿ ನೆಕ್ಕುತ್ತಾ ಎದ್ದು ಚಾಪೆಯ ಹತ್ತಿರಕ್ಕೇ ಬಂದ.

"ಅದು ಬ್ಯಾಡಿ ಸಾ! ಮೂರು ಸಾಲಾಗಿ ಕುಂತ್ಕತದೆ, ನಮ್ಗೇನೂ ಮಿಗಾಕಿಲ್ಲ. ಇಪ್ಪತ್ಮೂರು ಮಡಗಿ!"