ಅಪ್ಪನ ಕೋಟಿನ ಒಳಜೇಬು

ತಾಷ್ಕೆಂಟಿನ ಹೊರಗಿನ ನಮ್ಮ ಬೀದಿಯಲ್ಲಿ ಇಬ್ಬರು ಕೊರಿಯನ್ನರು ಸೇರಿದರೆ ಮಾತು ಈರುಳ್ಳಿ ಬೆಳೆಯಿಂದ ಶುರುವಾಗಿ ವೀಸಾಕ್ಕೆ ಬಂದು ನಿಲ್ಲುತ್ತದೆ. ನಮ್ಮ ಹಿರಿಯರು ಕೊರಿಯಾದವರೆಂದು ತೋರಿಸಿದರೆ ಅಲ್ಲಿದ್ದು ದುಡಿಯಲು ವೀಸಾ ಸಿಗುತ್ತದೆ. ತೋರಿಸುವುದು ಹೇಗೆ ಎಂಬಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ಗೆರಾಸಿಮ್ ಪಾಕ್ ಕೂಡ ಹಾಗೆಯೇ. ಹೆಂಡತಿ ಕ್ಲಾರಾ ತನ್ನ ತವರಿನ ಕಾಗದಗಳ ಮೇಲೆ ಕೊರಿಯಾದ ಆನ್‌ಸಾನ್ ನಗರಕ್ಕೆ ಹೋದಳು. ಮಕ್ಕಳಿಬ್ಬರೂ ಅಲ್ಲೇ ಕಾರ್ಖಾನೆ ಸೇರಿದರು. ಈ ನವೆಂಬರಿಗೆ ಕ್ಲಾರಾಗೆ ಅರವತ್ತು. ನಮ್ಮವರ ಬಾಳಿನಲ್ಲಿ ಮೂರು ಸಲ ದೊಡ್ಡ ಮೇಜು ಹಾಕುತ್ತಾರೆ: ಮಗುವಿಗೆ ವರ್ಷ ತುಂಬಿದಾಗ, ಮದುವೆಗೆ, ಅರವತ್ತಕ್ಕೆ. ಮೂರನೆಯದನ್ನು ಹಾಕುವವರು ಮಕ್ಕಳು. ಅದರ ಹಿಂದೆ ಗಂಡ ಹೆಂಡತಿ ಪಕ್ಕಪಕ್ಕ ಕೂರಬೇಕು.

"ಕಾಗದ ಏನಾಯ್ತು?" ಕ್ಲಾರಾ ಫೋನಿನಲ್ಲಿ ಕೇಳುತ್ತಿದ್ದಳು.

"ಬರ್ತಾ ಇದೆ."

"ಒಂಟೆ ಮೇಲೆ ಬರ್ತಾ ಇದೆಯಾ? ನನ್ನ ಪಕ್ಕದ ಕುರ್ಚಿ ಮೇಲೆ ಯಾರನ್ನ ಕೂರಿಸಲಿ, ಪಕ್ಕದ್ಮನೆಯವನನ್ನಾ?"

ಕಾಗದ ಎಲ್ಲಿಂದಲೂ ಬರುತ್ತಿರಲಿಲ್ಲ. ಪಕ್ಕದ ಮನೆಯ ಫೈನಾ ಒಗಾಯ್ ಒಂದು ಬಟ್ಟಲು ಕ್ಯಾರೆಟ್ ಪಲ್ಯ ಹಿಡಿದು ಬಂದ ದಿನ ಅವನು ಬಾಯಿಬಿಟ್ಟ. ಫೈನಾ ನಿವೃತ್ತ ಶಿಕ್ಷಕಿ. ಹೋದ ವರ್ಷ ತಾನೇ ಓಡಾಡಿ ವೀಸಾ ಮಾಡಿಸಿಕೊಂಡವಳು.

"ಸುಟ್ಟುಬಿಟ್ಟೆ, ಫೈನಕ್ಕ."

"ಏನನ್ನ?"

"ಅಪ್ಪ ಹೋದಾಗ ಪದ್ಧತಿ ಪ್ರಕಾರ ಅವರ ಬಟ್ಟೆ ಎಲ್ಲ ಸುಟ್ವಲ್ಲ. ಕೋಟಿನ ಒಳಜೇಬಲ್ಲಿ ಜನನ ಪತ್ರಗಳಿದ್ವು. ಅವರದ್ದು, ನಂದು, ಎಲ್ಲ ಒಂದೇ ಕರವಸ್ತ್ರದಲ್ಲಿ. ಆಮೇಲೆ ನೆನಪಾಯ್ತು."

"ಅಯ್ಯೋ ಮಂಕೇ! ಅದಕ್ಯಾಕೆ ಇಷ್ಟು ದಿನ ಹೆಂಡ್ತಿಗೆ ಸುಳ್ಳು ಹೇಳ್ದೆ?"

"ಏನಂತ ಹೇಳ್ಲಿ? ನನ್ನ ಮುಖ ನೋಡಿದ್ರೆ ಕೊರಿಯಾದವನು ಅಂತ ಗೊತ್ತಾಗಲ್ವಾ ಅವರಿಗೆ?"

"ಆಗುತ್ತೆ. ಮುಖಕ್ಕೆ ಸರ್ಕಾರಿ ಮೊಹರು ಹೊಡೆಸ್ಕೊಂಡು ಹೋಗು."

ಗೆರಾಸಿಮ್ ನಗಲಿಲ್ಲ. "ಮಾರ್ಕೆಟ್ ಹತ್ರ ಒಬ್ಬ ಇದಾನೆ. ಹಳೇ ಕಾಗದದ ಥರಾನೇ ಹೊಸದು ಮಾಡ್ಕೊಡ್ತಾನಂತೆ."

ಫೈನಾ ಬಟ್ಟಲನ್ನು ಕೆಳಗಿಟ್ಟಳು. "ಅವನ ಹತ್ರ ಹೋದ್ಯೋ, ಕ್ಲಾರಾಗೆ ನಾನೇ ಫೋನ್ ಮಾಡ್ತೀನಿ. ಸುಳ್ಳು ಕಾಗದ ಸಿಕ್ಕಿಬಿದ್ರೆ ಆಮೇಲೆ ನಿಜವಾದದ್ದು ತಂದ್ರೂ ನಂಬಲ್ಲ. ನೀನು ಸುಟ್ಟಿದ್ದು ನಿನ್ನ ಮನೆ ಪ್ರತಿ ಕಣೋ. ನೋಂದಣಿ ಕಚೇರಿಯ ದಫ್ತರ ಯಾರೂ ಸುಟ್ಟಿಲ್ಲ. ಮಗ ಅಂತ ತೋರಿಸಿ ಕೇಳಿದ್ರೆ ಇನ್ನೊಂದು ಪ್ರತಿ ಕೊಡ್ತಾರೆ."

"ಅಪ್ಪ ಎಲ್ಲಿ ಹುಟ್ಟಿದ್ದು ಅಂತಾನೇ ಗೊತ್ತಿಲ್ಲ. ನಮ್ಮವರನ್ನೆಲ್ಲ ಗಡೀಪಾರು ಮಾಡಿ ಈ ಕಡೆ ತಂದಾಗ ಅಜ್ಜಿ ತಾತನ್ನ ರೈಲಿಂದ ಎಲ್ಲಿ ಇಳಿಸಿದ್ರೋ, ಆಮೇಲೆ ಎಲ್ಲೆಲ್ಲಿಗೆ ಕಳಿಸಿದ್ರೋ."

"ಅದಕ್ಕೇ ಮೊದಲು ನಿನ್ನ ಜನನ ಪತ್ರ ತೆಗೆಸು. ಅದರಲ್ಲಿ ಅಪ್ಪ ಅಮ್ಮನ ಹೆಸರು, ಜನಾಂಗ ಇರುತ್ತೆ. ಅದನ್ನ ಹಿಡ್ಕೊಂಡು ಅವರ ಮದುವೆ ದಾಖಲೆ ಕೇಳು. ಅಪ್ಪ ಹುಟ್ಟಿದ ಊರು ಅದರಲ್ಲಿರುತ್ತೆ."

ಗೆರಾಸಿಮ್ ಅರೆಮನಸ್ಸಿನಿಂದಲೇ ಹೊರಟ. ಅವನ ಜನನ ಪತ್ರ ಸಿಕ್ಕಿತು. ಮದುವೆ ದಾಖಲೆಯೂ ಸಿಕ್ಕಿತು. ಅಪ್ಪ ಹುಟ್ಟಿದ್ದು ನದಿಯಾಚೆಯ ಜಿಲ್ಲೆಯಲ್ಲಿ. ಅಲ್ಲಿಗೆ ಹೋಗಿ ಬಂದವನು ಫೈನಾಳ ಗೇಟಿನಲ್ಲೇ ಕೂಗಿದ:

"ನಮ್ಮಪ್ಪ ಹುಟ್ಟೇ ಇಲ್ಲವಂತೆ, ಫೈನಕ್ಕ!"

"ಹಾಗಾದ್ರೆ ನೀನ್ಯಾರು? ಯಾವ ತಾರೀಕು ಹೇಳಿದೆ?"

"ಹುಟ್ಟುಹಬ್ಬದ್ದು. ಮೂರನೇ ತಿಂಗಳು ಹತ್ತನೇ ದಿನ. ಮಾರ್ಚ್ ಹತ್ತು."

ಫೈನಾ ನಗುತ್ತಾ ಗೇಟಿಗೇ ಒರಗಿದಳು. "ನಿಮ್ಮಜ್ಜಿ ಗೋಡೆ ಕ್ಯಾಲೆಂಡರ್ ನೋಡಿ ಹಬ್ಬ ಮಾಡ್ತಿದ್ಲೇನೋ? ಅದು ಚಂದ್ರನ ಲೆಕ್ಕದ ಮೂರನೇ ತಿಂಗಳು! ಮಾರ್ಚ್ ಅಲ್ಲ. ಏಪ್ರಿಲ್, ಮೇನಲ್ಲೂ ಹುಡುಕಿ ಅಂತ ಬರ್ಕೊಡು."

ಏಪ್ರಿಲಿನಲ್ಲಿ ಸಿಕ್ಕಿತು. ಪಾಕ್ ತ್ರೋಫಿಮ್, ಗಂಡು. ತಂದೆ ಕೊರಿಯನ್, ತಾಯಿ ಕೊರಿಯನ್. ಗೆರಾಸಿಮ್ ಅದನ್ನು ಕಿಟಕಿಯ ಬಳಿ ನಿಂತು ಓದಿದ. ಮತ್ತೆ ಓದಿದ. ಹೊರದೇಶದಲ್ಲಿ ನಡೆಯಲು ಬೇಕಾದ ಸರ್ಕಾರಿ ಮುದ್ರೆ ಹಾಕಿಸಿದ, ಅನುವಾದ ಮಾಡಿಸಿದ. ಆಮೇಲೆ ಕ್ಲಾರಾಗೆ ಫೋನ್ ಮಾಡಿ ಕೋಟಿನ ಕಥೆ ಹೇಳಿದ.



"ಅಂದ್ರೆ ಇಷ್ಟು ದಿನ ಒಂಟೆನೂ ಇರ್ಲಿಲ್ಲ," ಎಂದಳು ಕ್ಲಾರಾ. "ಬಾ. ಬರುವಾಗ ಒಳ್ಳೇ ಕೋಟ್ ಹಾಕ್ಕೊಂಡು ಬಾ."

ವೀಸಾ ಕೈಗೆ ಬಂತು. ಹೊರಡುವ ಮುನ್ನ ಅವನು ಅಪ್ಪನ ಸಮಾಧಿಗೆ ಹೋಗಿ, ಅನ್ನ ಮೀನು ಇಟ್ಟು, ಒಂದು ಲೋಟ ವೋಡ್ಕಾ ಸುರಿದು ಬಂದ. ನವೆಂಬರಿನಲ್ಲಿ ಫೈನಾಳ ಫೋನಿಗೆ ಒಂದು ಫೋಟೋ ಬಂತು. ಹಣ್ಣು, ಅಕ್ಕಿ ಕಡುಬು, ಇಡೀ ಕೋಳಿ ತುಂಬಿದ ಮೇಜು. ಅದರ ಹಿಂದೆ ಎರಡು ಕುರ್ಚಿ, ಎರಡೂ ಭರ್ತಿ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆಯ ಕಾಗದ ಕಳೆದರೆ ಎಲ್ಲ ಮುಗಿಯಿತು ಎನ್ನಬೇಡಿ. ನಿಮ್ಮ ಜನನ ದಾಖಲೆಯಿಂದ ಶುರುಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಹಿರಿಯರ ಹುಟ್ಟುಹಬ್ಬ ಯಾವ ಲೆಕ್ಕದ್ದೆಂದು ಅವರು ಇರುವಾಗಲೇ ಕೇಳಿಟ್ಟುಕೊಳ್ಳಿ. ದಲ್ಲಾಳಿಗಳನ್ನು ನಂಬಬೇಡಿ. ಹೋದವರ ಬಟ್ಟೆಯನ್ನು ಬೆಂಕಿಗೆ ಹಾಕುವ ಮೊದಲು ಜೇಬು ನೋಡಿ. ಆ ಹೊತ್ತಿನಲ್ಲಿ ಕೈ ಮುಂದೆ ಹೋಗುವುದಿಲ್ಲ. ಆದರೂ ನೋಡಿ.