ಉಸಿರಿಗೆ ಕಾಣುವ ಹೆಸರು

ಬೆಳ್ಳಿಯ ಮೇಲೆ ಕೆತ್ತಿದ ಹೆಸರನ್ನು ಅಳಿಸಿದರೂ ಅದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಬಾಯಿ ಹತ್ತಿರ ತಂದು ಹಾ ಎಂದು ಬಿಸಿಯುಸಿರು ಬಿಡಿ, ಆ ಮಂಜಿನಲ್ಲಿ ಅಳಿದ ಅಕ್ಷರ ಒಂದು ಗಳಿಗೆ ಎದ್ದು ಬಂದು ಮಾಯವಾಗುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಳ್ಳಿ ಉಜ್ಜುವ ಪಾಲಿಶ್ ಚಕ್ರದ ಮುಂದೆ ಇಪ್ಪತ್ತು ವರ್ಷ ಸವೆದ ಎನಿಡ್ ಸ್ಟಾನಿಫೋರ್ತಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಅವಳಿಗೆ ಎಪ್ಪತ್ತೆಂಟು. ಕಪಾಟಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಅಪ್ಪಟ ಬೆಳ್ಳಿ ಲೋಟಗಳು ಮೂವತ್ತೊಂದಿವೆ. ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ಹೆಸರು ಕೆತ್ತಿಸಿ ಕೊಡುತ್ತಾರಲ್ಲ, ಹಿಡಿಯಿರುವ ಆ ಪುಟ್ಟ ಲೋಟಗಳು. ಮಿಕ್ಕವರು ಹೆಸರಿರುವುದನ್ನು ಹುಡುಕಿದರೆ ಈ ಹೆಂಗಸು ಹೆಸರು ಅಳಿಸಿದ್ದನ್ನೇ ಹುಡುಕುತ್ತಾಳೆ. ದಿನಾ ಬೆಳಿಗ್ಗೆ ಒಂದೊಂದಕ್ಕೂ ಉಸಿರು ತಾಗಿಸಿ, "ಎದ್ಯಾ ಹೊರೇಸ್? ರೋಡಾ, ನೀನು?" ಎಂದು ಮಾತಾಡಿಸುತ್ತಾಳೆ. ಹುಚ್ಚು ಅನ್ನಿ ಬೇಕಾದರೆ. ಮಣ್ಣಾಗಿ ಎಷ್ಟೋ ಕಾಲವಾದ ಮಕ್ಕಳು ಉತ್ತರ ಕೊಟ್ಟಾವೇ?

ಅವಳಿಗೆ ಬೇಕಾಗಿದ್ದದ್ದು ಒಂದೇ ಹೆಸರು, ಮೇಬೆಲ್. ಐದೇ ತಿಂಗಳು ಬದುಕಿದ ಅವಳ ಮಗಳದು. ಗಂಡನ ಮನೆಯ ಹಳೇ ಲೋಟದ ಮೇಲೆ ಕೆತ್ತಿಸಿದ್ದರು. "ಸತ್ತ ಕೂಸಿನ ಹೆಸರಿರೋ ಲೋಟಾನ ಮುಂದಿನ ಕೂಸಿಗೆ ಹ್ಯಾಗೆ ಕೊಡ್ತೀಯೆ? ಅಳಿಸಿಬಿಡು," ಅಂದಳು ಅತ್ತೆ. ಬೇರೆಯವರ ಕೈ ತಾಗುವುದು ಬೇಡವೆಂದು ಎನಿಡಳೇ ಅದನ್ನು ಚಕ್ರಕ್ಕೆ ಹಿಡಿದಳು. ಮುಂದಿನ ಕೂಸು ಬರಲೇ ಇಲ್ಲ. ಗಂಡ ಅವಳನ್ನು ಒಂದು ಮಾತೂ ಕೇಳದೆ ಲೋಟ ಮಾರಿದ. ಅಂದಿನಿಂದ ಹುಡುಕುತ್ತಲೇ ಇದ್ದಾಳೆ.

ಶನಿವಾರದ ಸಂತೆಯಲ್ಲಿ, ಹಳೇ ಸಾಮಾನಿನ ಕ್ಲಿಫರ್ಡನ ಮೇಜಿನ ಮೇಲೆ ಅದು ಸಿಕ್ಕಿತು. ಹಿಡಿ ಸೊಟ್ಟಗೆ ಬೆಸೆದಿತ್ತು. ರಿಪೇರಿ ಮಾಡ್ತೀನಿ ಅಂತ ಮಾವ ಕೆಡಿಸಿದ್ದು, ಅನುಮಾನವೇ ಇಲ್ಲ. ಎನಿಡ್ ಉಸಿರು ಬಿಟ್ಟಳು. ಏನೂ ಕಾಣಲಿಲ್ಲ. ಮತ್ತೆ ಬಿಟ್ಟಳು, ಮತ್ತೆ ಮತ್ತೆ ಬಿಟ್ಟಳು.

"ಮಾರಾಯ್ತಿ, ಅದು ಲೋಟ, ತುತ್ತೂರಿ ಅಲ್ಲ," ಎಂದು ನಕ್ಕ ಕ್ಲಿಫರ್ಡ್. "ನಾನೂ ಊದಿ ನೋಡ್ದೆ, ಒಂದಕ್ಷರ ಇಲ್ಲ. ಅಳಿಸಿದೋರು ಯಾರೋ ಭಾರೀ ಕೈಯವರು ಬಿಡು!"

"ನಾನೇ ಕಣೋ," ಅಂದಳು ಎನಿಡ್.

ಕ್ಲಿಫರ್ಡ್ ಲೋಟವನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ.

ಮನೆಗೆ ತಂದು, ಹೆಸರಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು. ಉಜ್ಜಿ ಉಜ್ಜಿ ತೆಳ್ಳಗಾದ ಬೆಳ್ಳಿ ಎಳೆಗೂಸಿನ ನೆತ್ತಿಯಂತೆ ಮೆತ್ತಗೆ ಒಳಹೋಗಿ ಮೇಲೆ ಬಂತು. "ಅಯ್ಯೋ ಹಾಳಾದೋಳೆ, ಇಷ್ಟು ಚೆನ್ನಾಗಿ ಯಾಕೆ ಕೆಲಸ ಕಲಿತೆ?" ಎಂದು ತನ್ನನ್ನೇ ಬೈದುಕೊಂಡು ಗೋಳೋ ಎಂದು ಅತ್ತಳು.

ಮರುದಿನ ಬೆಳಿಗ್ಗೆ ಕಪಾಟು ತೆರೆದಳು. ಮೂವತ್ತೊಂದು ಲೋಟ ಫಳಫಳ ಹೊಳೆಯುತ್ತಿದ್ದವು. ನಿನ್ನೆ ತಂದಿಟ್ಟ ಮೂವತ್ತೆರಡನೆಯದರ ಮೇಲೆ, ಆ ತೆಳ್ಳನೆ ಜಾಗದಲ್ಲಿ, ಅವಳು ಉಸಿರು ಬಿಡುವ ಮೊದಲೇ ಮಂಜು ಕೂತಿತ್ತು. ಒಂದು ಪುಟ್ಟ ಬಾಯಿಯಷ್ಟೇ ಅಗಲ.

ಎನಿಡ್ ಬರಿಗೈಯಿಂದಲೇ ತನ್ನ ಬಾಯಿ, ಮೂಗು ಎರಡನ್ನೂ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ನಿಂತಳು. ಮಂಜು ಆರಿತು. ಮತ್ತೆ ಮೂಡಿತು.